ಭಾವ ಸೀಳಿದ ಹಾಸಿಗೆ

ನನ್ನ ಭಾವನ ಕೈಗೆ ನಿಮ್ಮ ಮನೆಯ ಹಳೆಯ ಹಾಸಿಗೆಯೊಂದನ್ನು ಕೊಟ್ಟು ನೋಡಿ. ಅಂಗಡಿಯ ನೆಲದ ಮೇಲೆ ಅದನ್ನು ಹರವಿ, ಅಂಗೈಯನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದು, ನಿಮ್ಮ ಗುಟ್ಟನ್ನೆಲ್ಲ ರಟ್ಟು ಮಾಡುತ್ತಾರೆ. ಯಜಮಾನರು ಬಲ ಮಗ್ಗುಲಿಗೆ ಮಲಗುವವರು, ಅವರ ಹೆಂಡತಿ ಮಗುವನ್ನು ಗೋಡೆ ಕಡೆ ಹಾಕಿಕೊಂಡು ಬಹಳ ಕಾಲ ಕಳೆದವರು, ಈಚೆಗೆ ಇಬ್ಬರಿಗೂ ಅಷ್ಟಕ್ಕಷ್ಟೆ. ಇದೆಲ್ಲ ಅವರಿಗೆ ಹತ್ತಿಯ ತಗ್ಗುದಿಣ್ಣೆಗಳಲ್ಲಿ ಸಿಗುತ್ತದೆ. ಕೊನೆಯದನ್ನು ಮಾತ್ರ ಗಿರಾಕಿಗೆ ಹೇಳುವುದಿಲ್ಲ. ಗಿರಾಕಿ ಹೋದ ಮೇಲೆ ನನ್ನ ಅಕ್ಕನಿಗೆ ಹೇಳುತ್ತಾರೆ. ಅಕ್ಕ ನನಗೆ ಹೇಳುತ್ತಾಳೆ. ನಾನು ಯಾರಿಗೂ ಹೇಳುವವನಲ್ಲ, ನನ್ನ ಹೆಂಡತಿಯೊಬ್ಬಳಿಗೆ ಬಿಟ್ಟು. ಹಾಗಾಗಿ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿರುತ್ತದೆ.

ಭಾವ ಉದ್ದಕ್ಕೆ, ಸಣ್ಣಗೆ, ತುದಿಯಲ್ಲಿ ತುಸು ಬಾಗಿದ ಮನುಷ್ಯ. ಹಾಸಿಗೆ ಹೊಲಿಯುವ ದೊಡ್ಡ ಸೂಜಿಗೆ ದಬ್ಬಳ ಅನ್ನುತ್ತಾರಲ್ಲ, ಬೀದಿಯವರು ಅವರಿಗೂ ಅದೇ ಹೆಸರಿಟ್ಟಿದ್ದಾರೆ. ಅವರಿಗೆ ಅದರಿಂದ ಬೇಜಾರಿಲ್ಲ. ನನಗೆ ಬಿದ್ದಿರುವ ಹೆಸರು 'ಬ್ರೇಕ್ ಮೇಷ್ಟ್ರು'. ಕಾರು ಓಡಿಸುವುದನ್ನು ಕಲಿಸಿ ಹೊಟ್ಟೆ ಹೊರೆಯುವವನು ನಾನು. ನನ್ನ ಕೈಯಲ್ಲಿ ಕಲಿತವರು ಮುಂದಕ್ಕೆ ಚೆನ್ನಾಗಿಯೇ ಹೋಗುತ್ತಾರೆ. ಹಿಂದಕ್ಕೆ ಹೋಗಬೇಕಾದಾಗ ಇಳಿದು ಯಾರನ್ನಾದರೂ ಕರೆಯುತ್ತಾರೆ.

ಭಾವನ ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಒಂದು ಪರದೆ. ಹತ್ತಿಯ ಧೂಳು ಪರದೆಯನ್ನು ಲೆಕ್ಕಕ್ಕಿಡುವುದಿಲ್ಲ. ಅಕ್ಕ ಮಾಡಿದ ಕಾಫಿಯಲ್ಲಿ ಎಳೆಗಳು ತೇಲುತ್ತಿರುತ್ತವೆ. "ಕುಡಿಯೋ, ಹೊಟ್ಟೇಗೂ ಒಂದು ಹಾಸಿಗೆ ಆಗುತ್ತೆ" ಎನ್ನುತ್ತಾಳೆ. ಮದುವೆಯಾದ ಹೊಸದರಲ್ಲೇ ಅವಳು ಆ ಪರದೆ ಸರಿಸಿಕೊಂಡು ಬಂದು ಕೆಲಸಕ್ಕೆ ನಿಂತವಳು. ಬೇರೆ ಅಂಗಡಿಯವರು ಹಾಸಿಗೆಯನ್ನು ನೆಲಕ್ಕೆ ಹಾಕಿ, ಒಬ್ಬರೇ ಮೇಲೆ ಕೂತು ಟಾಕು ಹಾಕುತ್ತಾರೆ. ಇವರದು ಬೇರೆಯೇ ಪದ್ಧತಿ. ಹಾಸಿಗೆಯನ್ನು ಎರಡು ಮರದ ಕಂಬಗಳಿಗೆ ಕಟ್ಟಿ ಗೋಡೆಯ ಹಾಗೆ ನಿಲ್ಲಿಸುತ್ತಾರೆ. ಆ ಕಡೆ ಭಾವ, ಈ ಕಡೆ ಅಕ್ಕ. ಭಾವ ದಬ್ಬಳ ತೂರಿಸಿದರೆ ಅಕ್ಕ ಎಳೆದುಕೊಂಡು, ಗೇಣು ಜಾಗ ಬಿಟ್ಟು ವಾಪಸು ತೂರಿಸುತ್ತಾಳೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅವರ ಸಂಸಾರದ ಜಗಳಗಳೆಲ್ಲ ಹಾಸಿಗೆಯ ಮೂಲಕವೇ ನಡೆದಿವೆ.

"ನಿನ್ನ ತಮ್ಮ ನಿನ್ನೆ ಊಟಕ್ಕೆ ಬಂದಿದ್ನಾ?"

"ಬಂದಿದ್ದ. ಏನೀಗ?"

"ಏನಿಲ್ಲ. ನನ್ನ ಪಾಲಿಗೆ ಪಾತ್ರೆಯ ತಳ ಕಾಣಿಸ್ತು, ಅದಕ್ಕೆ ಕೇಳ್ದೆ."

ಈ ಕಡೆಯಿಂದ ದಬ್ಬಳ ಸ್ವಲ್ಪ ಜೋರಾಗಿಯೇ ಹೋಗುತ್ತಿತ್ತು.

"ಅಯ್ಯೋ! ಬೆರಳು ಕಣೇ!"

"ಬೆರಳನ್ನ ಯಾಕ್ರೀ ಅಲ್ಲಿಟ್ಟಿದ್ರಿ?"

ಭಾವ ತಮಾಷೆ ಮಾಡದೆ ಮಾಡುವ ಕೆಲಸ ಆ ಅಂಗಡಿಯಲ್ಲಿ ಒಂದೇ. ಹೆಂಡತಿಯನ್ನೋ ಗಂಡನನ್ನೋ ಕಳೆದುಕೊಂಡವರು ಕೆಲವರು ಇಬ್ಬರ ಹಾಸಿಗೆಯನ್ನು ಹೊರಿಸಿಕೊಂಡು ಬಂದು, ಇದನ್ನು ಒಂಟಿ ಮಾಡಿಕೊಡಿ ಅನ್ನುತ್ತಾರೆ. ನಿದ್ದೆಯಲ್ಲಿ ಕೈ ಖಾಲಿ ಜಾಗಕ್ಕೆ ಹೋದರೆ ಎಚ್ಚರವಾಗಿಬಿಡುತ್ತದಂತೆ. ಅಂಥ ಹಾಸಿಗೆಯ ಹತ್ತಿಯನ್ನು ಭಾವ ಹಿಂಜುವುದಿಲ್ಲ. ನಡುವೆ ಉದ್ದಕ್ಕೂ ಸೀಳಿ, ಒಳಗಿನ ತಗ್ಗು ಅಲುಗದ ಹಾಗೆ ಪಕ್ಕ ಮುಚ್ಚಿ ಹೊಲಿಯುತ್ತಾರೆ. ಸೀಳುವ ಮುಂಚೆ ದನಿ ತಗ್ಗಿಸಿ ಕೇಳುತ್ತಾರೆ: "ಯಾವ ಅರ್ಧ ಇಟ್ಕೋತೀರಿ? ನಿಮ್ಮದಾ, ಅವರದಾ?" ಅವರದು ಅನ್ನುವವರೇ ಹೆಚ್ಚು. ಇನ್ನೊಂದು ಅರ್ಧ ದಿಂಬುಗಳಾಗುತ್ತದೆ. ಈ ಪ್ರಶ್ನೆ ಬರುವ ಹೊತ್ತಿಗೆ ಅಕ್ಕನಿಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗಿ ಪರದೆಯ ಹಿಂದೆ ಹೋಗುತ್ತಾಳೆ.

ಹೋದ ವರ್ಷ ಅಕ್ಕನ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಸ್ನಾನ ಮಾಡುವಾಗ ಅವಳ ಕೈಗೇ ಸಿಕ್ಕಿದ್ದು. ಒಂದು ಪರೀಕ್ಷೆ, ಅದನ್ನು ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆ, ಆಮೇಲೆ ಕಾಯಿಲೆಯ ಹೆಸರು. ವೈದ್ಯರು ಹೆಸರು ಹೇಳಿದಾಗ ಅಕ್ಕ, "ಎಷ್ಟು ದಿನ ಅಂಗಡಿ ಕೆಲಸಕ್ಕೆ ರಜಾ ಹಾಕ್ಬೇಕು?" ಎಂದು ಕೇಳಿದಳು. ಭಾವ ರೋಗಿಗಳನ್ನು ಮಲಗಿಸುವ ಮಂಚದ ರೆಕ್ಸಿನ್ ಹಾಸಿಗೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು, "ಅದರಲ್ಲಿ ಬರೀ ಚಿಂದಿ ತುಂಬಿದಾರೆ ಕಣಯ್ಯಾ." ನಾನು ಹೂಂ ಅಂದೆ. ಇಬ್ಬರೂ ಗಂಡಸರು; ಅಳು ಬರುವ ಹಾಗಿದ್ದಾಗ ಏನಾದರೂ ವಸ್ತುವನ್ನು ಬೈಯುವುದನ್ನು ಚಿಕ್ಕಂದಿನಿಂದ ಕಲಿತವರು.

ಎಡ ಎದೆಯನ್ನು ಪೂರ್ತಿ ತೆಗೆದರು. ಮಾರನೆಯ ದಿನ ನಾವು ನೋಡಲು ಹೋದಾಗ ಅಕ್ಕ ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಒರಗಿ ಕೂತಿದ್ದಳು. ಪಟ್ಟಿ ಸುತ್ತಿದ ಕಡೆ ಹೊದಿಕೆ ಸಮತಟ್ಟಾಗಿ ಬಿದ್ದಿತ್ತು. ಭಾವ ಅಲ್ಲಿ ನೋಡಬಾರದೆಂದು ಕಿಟಕಿ ನೋಡಿದರು, ನಲ್ಲಿ ನೋಡಿದರು, ಪಕ್ಕದ ಹಾಸಿಗೆಯ ಅಜ್ಜಿಯನ್ನೂ ನೋಡಿದರು. ಆ ಅಜ್ಜಿ ಗಾಬರಿಯಾಗಿ ಸೆರಗು ಸರಿಮಾಡಿಕೊಂಡಳು.

"ನಿದ್ದೆ ಬಂತಾ?" ಎಂದು ಭಾವ ಕಿಟಕಿಗೆ ಕೇಳಿದರು.

"ಚೆನ್ನಾಗಿ ಬಂತು," ಎಂದಳು ಅಕ್ಕ. "ಇಷ್ಟು ವರ್ಷಕ್ಕೆ ಒಬ್ಬಳೇ ಹಾಯಾಗಿ ಮಲಗಿದೀನಿ. ನಿಮ್ಮ ಗೊರಕೆ ಇಲ್ಲ, ಮಂಡಿ ತಿವಿಯೋದಿಲ್ಲ. ಇದೇ ಚೆನ್ನಾಗಿದೆ ನೋಡಿ!"

ನಾನು ನಕ್ಕೆ. ಪಕ್ಕದ ಅಜ್ಜಿ ನಕ್ಕಳು. ಭಾವ ತಲೆಯಾಡಿಸಿದರು, ಗಿರಾಕಿ ಅಳತೆ ಹೇಳಿದಾಗ ಆಡಿಸುವ ಹಾಗೆ.

ಅಕ್ಕ ಮನೆಗೆ ಬರುವ ಹಿಂದಿನ ದಿನ ಭಾವ ಅಂಗಡಿಯ ಬಾಗಿಲು ಹಾಕಿಕೊಂಡು ತಮ್ಮದೇ ಮಂಚದ ಹಾಸಿಗೆಯನ್ನು ಈಚೆಗೆಳೆದು ಸೀಳಿದರು. ನಾನು ಹೋಗುವ ಹೊತ್ತಿಗೆ ಎರಡು ಒಂಟಿ ಹಾಸಿಗೆಗಳು ಸಿದ್ಧವಾಗಿದ್ದವು. "ನಾನು ಮಗ್ಗುಲು ಬದಲಿಸಿದ್ರೆ ಅವಳ ಗಾಯಕ್ಕೆ ಜಗ್ಗುತ್ತೆ," ಎಂದರು. "ಹೊಸ ಹತ್ತಿ ಹಾಕಿದ್ರೆ ಉಬ್ಬಿಕೊಂಡು ಒತ್ತುತ್ತೆ. ಹಳೇದು ಪಳಗಿದೆ." ಎಷ್ಟು ಒಳ್ಳೆಯ ಗಂಡ ಎಂದು ನಾನು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದ ರೀತಿಯಿಂದ, ಹೇಳಬಾರದಿತ್ತು ಅನ್ನಿಸಿತು. ಒಂದು ಹಾಸಿಗೆ ಒಳಗಿನ ಕೋಣೆಯ ಮಂಚಕ್ಕೆ ಹೋಯಿತು. ಇನ್ನೊಂದು ಪರದೆಯ ಈಚೆಗೆ, ಹತ್ತಿಯ ಮೂಟೆಗಳ ನಡುವೆ ಭಾವನ ಪಾಲಿಗೆ ಬಂತು.

ಆಮೇಲೆ ಕೀಮೋ ಶುರುವಾಯಿತು. ಭಾವ ಹೆಂಡತಿಯನ್ನು ನೋಡಿಕೊಂಡ ಪರಿಗೆ ಬೀದಿಯ ಹೆಂಗಸರೆಲ್ಲ ತಮ್ಮ ಗಂಡಂದಿರನ್ನು ಬೈದರು. ಸಾರಿಗೆ ಉಪ್ಪು ಕಡಿಮೆ ಹಾಕುವುದು, ವಾಂತಿಗೆ ಬಟ್ಟಲು ಹಿಡಿಯುವುದು, ಉದುರಿದ ಕೂದಲನ್ನು ಅವಳು ಏಳುವ ಮುಂಚೆ ದಿಂಬಿನಿಂದ ಆಯುವುದು, ಎಲ್ಲವನ್ನೂ ಅವರೇ ಮಾಡಿದರು. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನ್ನದು. ನನ್ನದು ಕಲಿಯುವವರ ಕಾರು. ಪಕ್ಕದ ಸೀಟಿಗೂ ಒಂದು ಬ್ರೇಕ್ ಇದೆ. ಅಲ್ಲಿ ಭಾವ ಕೂರುತ್ತಿದ್ದರು. ಹಿಂದಿನ ಸೀಟಿನಲ್ಲಿ ಅಕ್ಕ ಸಣ್ಣಗೆ ಉಸ್ ಅಂದರೂ ಸಾಕು, ಭಾವನ ಕಾಲು ಬ್ರೇಕನ್ನು ಒತ್ತುತ್ತಿತ್ತು. ನಟ್ಟನಡು ರಸ್ತೆಯಲ್ಲಿ ಕಾರು ಗಕ್ಕನೆ ನಿಲ್ಲುತ್ತಿತ್ತು. ಹಿಂದಿನವರೆಲ್ಲ ಹಾರನ್ ಹೊಡೆದು, ಪಕ್ಕಕ್ಕೆ ಬಂದು, ಡ್ರೈವಿಂಗ್ ಶಾಲೆಯ ಬೋರ್ಡು ಓದಿ, ಸ್ಟಿಯರಿಂಗ್ ಹಿಡಿದು ಕೂತ ನನ್ನ ನರೆತ ತಲೆ ನೋಡಿ, "ಈ ವಯಸ್ಸಿಗೆ ಯಾಕೆ ಬೇಕಿತ್ತು ಸ್ವಾಮಿ ನಿಮಗೆ ಕಲಿಯೋದು?" ಎಂದು ಕೇಳಿ ಹೋಗುತ್ತಿದ್ದರು.

ದಾರಿಯಲ್ಲಿ ಸಿಕ್ಕವರೆಲ್ಲ, "ಮನೆಯವರು ಹೇಗಿದಾರೆ?" ಎಂದು ಭಾವನನ್ನು ಕೇಳುತ್ತಿದ್ದರು. ಪರವಾಗಿಲ್ಲ ಅನ್ನುತ್ತಿದ್ದರು. "ನೀವು ಹೇಗಿದೀರಿ?" ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ಭಾವ ಮೊದಲೇ ದಬ್ಬಳ. ಅವರು ಇನ್ನಷ್ಟು ಸಣ್ಣಗಾದದ್ದು ಗೊತ್ತಾಗಲು ಹೊತ್ತು ಹಿಡಿಯಿತು.

ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಪಾಠ ಮುಗಿಸಿ ಅಂಗಡಿಗೆ ಹೋದೆ. ಭಾವ ಒಂದು ಹಾಸಿಗೆಯನ್ನು ಎಂದಿನಂತೆ ಕಂಬಗಳ ನಡುವೆ ನಿಲ್ಲಿಸಿಕೊಂಡಿದ್ದರು. ದಬ್ಬಳ ತೂರಿಸುತ್ತಿದ್ದರು, ಹಾಸಿಗೆಯನ್ನು ಸುತ್ತಿ ಈ ಕಡೆಗೆ ಬರುತ್ತಿದ್ದರು, ದಬ್ಬಳ ಎಳೆದು ವಾಪಸು ತೂರಿಸುತ್ತಿದ್ದರು, ಮತ್ತೆ ಸುತ್ತಿ ಆ ಕಡೆಗೆ ಹೋಗುತ್ತಿದ್ದರು. ಒಂದೊಂದು ಟಾಕಿಗೂ ಒಂದೊಂದು ಸುತ್ತು. ನೆಲದ ಹತ್ತಿಧೂಳಿನಲ್ಲಿ ಅವರು ನಡೆದ ದಾರಿ ಬಿದ್ದಿತ್ತು.

"ಭಾವ, ನೆಲಕ್ಕೆ ಹಾಕ್ಕೊಂಡು ಹೊಲಿದ್ರೆ ಆಗಲ್ವಾ? ಎಲ್ಲರೂ ಹಾಗೇ ಮಾಡೋದು."

"ಆಗುತ್ತೆ," ಎಂದರು. ಈ ಕಡೆಗೆ ಬಂದರು. ದಬ್ಬಳ ಎಳೆದರು. "ಆ ಕಡೆ ಯಾರೋ ಇದಾರೆ ಅನ್ನೋ ಹಾಗಿರುತ್ತೆ, ಇದು."

ಪರದೆಯ ಹಿಂದೆ ಅಕ್ಕ ಕೆಮ್ಮಿದಳು. ಭಾವ ದಬ್ಬಳವನ್ನು ಅರ್ಧದಲ್ಲೇ ಬಿಟ್ಟು ಓಡಿದರು. ಪರದೆಯ ಹತ್ತಿರ ನಿಂತು ಅಲ್ಲಿಂದಲೇ, "ನೀರು ಬೇಕಾ?" ಎಂದರು. ಬೇಡ ಎಂಬ ಉತ್ತರ ಬಂತು. ಕೆಮ್ಮು ನಿಂತ ಮೇಲೂ ಸ್ವಲ್ಪ ಹೊತ್ತು ಪರದೆಯ ಅಂಚನ್ನು ಬೆರಳಲ್ಲಿ ಸವರುತ್ತ ನಿಂತಿದ್ದರು. ಒಳಗೆ ಹೋಗಲಿಲ್ಲ. ಅವಳು ಮಗ್ಗುಲು ಬದಲಿಸಿದ ಸದ್ದಾಯಿತು. ಭಾವ ಕತ್ತನ್ನು ಆ ಸದ್ದಿನ ಕಡೆಗೆ ತುಸು ವಾಲಿಸಿದರು. ದೂರದ ಹಾಡು ಕೇಳಿಸಿಕೊಳ್ಳುವವರು ಹಾಗೆ ಮಾಡುತ್ತಾರೆ.

ಕೀಮೋ ಮುಗಿಯಿತು. ಗಾಯ ಒಣಗಿ ಗೆರೆಯಾಯಿತು. ಎಡಗೈಯಲ್ಲಿ ಭಾರ ಎತ್ತಬಾರದು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಉಳಿದಂತೆ ಎಲ್ಲ ಮೊದಲಿನ ಹಾಗೆ ಇರಬಹುದು ಎಂದರು ವೈದ್ಯರು. ಭಾವನ ಹಾಸಿಗೆ ಮಾತ್ರ ಪರದೆಯ ಈಚೆಯೇ ಉಳಿಯಿತು.

ಹಾಗೆ ತೋರಿಸಲು ಹೋದ ಒಂದು ದಿನ ಅಕ್ಕ ಪರೀಕ್ಷೆಗೆ ಒಳಗೆ ಹೋಗಿದ್ದಾಗ ಭಾವ ಕಾಯುವ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿ, ಪಕ್ಕದವರ ಹೆಗಲ ಮೇಲೆ ತಲೆಯಿಟ್ಟರು. ಪಕ್ಕದವರು ಆ ಆಸ್ಪತ್ರೆಯ ಆಪ್ತ ಸಲಹೆಗಾರ್ತಿ. ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಸಣ್ಣ ಕೋಣೆ, ಮೂರು ಕುರ್ಚಿ, ಕಾಗದದ ಕರವಸ್ತ್ರದ ಒಂದು ಡಬ್ಬಿ.

"ನಿದ್ದೆ ಹೇಗಿದೆ?" ಎಂದರು.

"ಎರಡು ಮೂರು ಸಲ ಏಳ್ತಾಳೆ ಮೇಡಂ."

"ಅವರದಲ್ಲ. ನಿಮ್ಮದು."

"ನನ್ನದೂ ಅಷ್ಟೇ. ಅವಳು ಎದ್ದಾಗೆಲ್ಲ ಎದ್ದಿರ್ತೀನಿ."

"ಅವರು ಮಲಗಿದ್ದಾಗ?"

"ಯಾವಾಗ ಏಳ್ತಾಳೋ ಅಂತ ಕಾಯ್ತಿರ್ತೀನಿ."

"ಊಟ?"

"ಈಗ ಪರವಾಗಿಲ್ಲ. ಬಾಯಿ ಹುಣ್ಣು ವಾಸಿಯಾಗಿದೆ."

"ಯಾರಿಗೆ?"

ಭಾವ ನನ್ನ ಮುಖ ನೋಡಿದರು. ಗೇರು ಬೀಳದಿದ್ದಾಗ ನನ್ನ ವಿದ್ಯಾರ್ಥಿಗಳು ನನ್ನನ್ನು ಹೀಗೆಯೇ ನೋಡುತ್ತಾರೆ.

ಆಕೆ ಸಮಾಧಾನವಾಗಿ ಹೇಳಿದರು: ಎದೆ ಢವಢವ ಅನ್ನುವುದು, ನಿದ್ದೆ ಹತ್ತದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಇದೆಲ್ಲ ಪಕ್ಕದಲ್ಲಿ ಇರುವವರಿಗೂ ಆಗುತ್ತದೆ, ಬಹಳ ಗಂಡಂದಿರಿಗೆ ಆಗಿದೆ, ಬೇಕಾದರೆ ವಾರಕ್ಕೊಮ್ಮೆ ಬಂದು ಕೂತು ಮಾತಾಡಬಹುದು. "ಹೆಂಡತಿ ಹತ್ತಿರ ಇದನ್ನೆಲ್ಲ ಮಾತಾಡ್ತೀರಾ?"

"ದಿನಾ ಮಾತಾಡ್ತೀನಿ ಮೇಡಂ," ಎಂದರು ಭಾವ. "ಮಾತ್ರೆ ತಗೊಂಡ್ಯಾ ಅಂತ."

ಕಾರಿಗೆ ಬಂದು, ಒಳಗೆ ಅಕ್ಕನಿಗಾಗಿ ಕಾಯುತ್ತ ಕೂತೆವು. ಭಾವ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಿದ್ದರು.

"ಹತ್ತಿಯಲ್ಲಿ ಸಾಸಿವೆಯಷ್ಟು ಗಂಟಿದ್ರೂ ಈ ಕೈಗೆ ಗೊತ್ತಾಗುತ್ತೆ. ಹೌದಾ ಅಲ್ವಾ?"

"ಹೌದು ಭಾವ."

"ದಿನಾ ಅವಳ ಮೈಮೇಲೆ ಇದ್ದ ಕೈ ಕಣಯ್ಯಾ ಇದು. ಇದಕ್ಕೆ ಗೊತ್ತಾಗಲಿಲ್ಲವಲ್ಲ."

ಮೊದಲಿಗೆ ಅದು ವೈದ್ಯರ ಕೈಗೂ ಸರಿಯಾಗಿ ಸಿಕ್ಕಿರಲಿಲ್ಲ ಎಂದೆ. ಯಂತ್ರದಲ್ಲಿ ನೋಡಿದ ಮೇಲೆಯೇ ಖಾತ್ರಿಯಾದದ್ದು ಎಂದೆ. ಭಾವನ ಕಿವಿಗೆ ಅದು ಬೀಳಲಿಲ್ಲ.

"ಆಮೇಲಿಂದ ಮುಟ್ಟೋಕೆ ಧೈರ್ಯ ಬಂದಿಲ್ಲ. ಅವಳಿಗೂ ಬೇಡ ಅನ್ಸುತ್ತೆ. ಆಸ್ಪತ್ರೇಲಿ ಹೇಳಿದ್ಲಲ್ಲ, ಒಬ್ಬಳೇ ಇರೋದೇ ಚೆನ್ನಾಗಿದೆ ಅಂತ."

"ಭಾವ, ಅದು ತಮಾಷೆ!"

"ತಮಾಷೆಯಲ್ಲೇ ಅಲ್ವೇನಯ್ಯಾ ಅವಳು ನಿಜ ಹೇಳೋದು?" ಎಂದರು. ಆಮೇಲೆ ಗಾಜಿನ ಆಚೆ ನೋಡುತ್ತ ಹೇಳಿದರು: "ಅವಳ ಪಕ್ಕ ಮಲಗಬೇಕು ಅನ್ಸುತ್ತೆ ಕಣಯ್ಯಾ. ಬೇರೇನೂ ಅಲ್ಲ. ಬರೀ ಮಲಗೋದು. ಮಲಗಿದಾಗ ಅವಳ ಉಸಿರು ನನ್ನ ಕತ್ತಿಗೆ ತಾಗ್ತಿತ್ತು. ಕಚಗುಳಿ ಆಗುತ್ತೆ, ಆ ಕಡೆ ತಿರುಗೇ ಅಂತ ಬೈತಿದ್ದೆ. ಇಷ್ಟು ವರ್ಷ ಬೈದಿದೀನಿ. ಈಗ ಆ ಕಡೆ ತಿರುಗಿಬಿಟ್ಟಿದಾಳೆ."

"ಕೇಳಿಬಿಡಿ ಮತ್ತೆ."

"ಏನಂತ ಕೇಳ್ಲಿ? ಕೂದಲು ನರೆತ ಮೇಲೆ, ನಿನ್ನ ಪಕ್ಕ ಮಲಗ್ಲಾ ಅಂತ ಹೆಂಡ್ತೀನ ಕೇಳೋದುಂಟಾ? ಬೇಡ ಅಂದ್ಬಿಟ್ರೆ?" ನನ್ನ ತೋಳು ಹಿಡಿದರು. "ನೀನು ಹೇಳಿಗೀಳೀಯಾ. ನಿನ್ನ ಬಾಯಿ ನನಗೆ ಗೊತ್ತು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬೀದಿಯ ಹಾಸಿಗೆಗಳ ಕಥೆಯನ್ನೆಲ್ಲ ಸಾರಿಕೊಂಡು ಬಂದ ನಾನು, ಹುಟ್ಟಿದ ಮೇಲೆ ಮೊದಲ ಸಲ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಹೆಂಡತಿಗೂ ಹೇಳಲಿಲ್ಲ. ಅವಳು ನನಗೆ ಹುಷಾರಿಲ್ಲವೆಂದು ತಿಳಿದು ಕಷಾಯ ಕುಡಿಸಿದಳು.

ಅಕ್ಕ ಅಂಗಡಿಗೆ ಮತ್ತೆ ಬಂದು ಕೂತ ದಿನ ನಾನು ಅಲ್ಲಿದ್ದೆ. ತಲೆಗೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡಿದ್ದಳು. ಅಂಚಿನಲ್ಲಿ ಹೊಸ ಕೂದಲು ಬಾತುಕೋಳಿ ಮರಿಯ ಪುಕ್ಕದ ಹಾಗೆ ಇಣುಕುತ್ತಿತ್ತು. ಸ್ಟೂಲಿನ ಮೇಲೆ ಕೂತು, ಬಲಗೈಯಲ್ಲಿ ದಾರ ಬಿಡಿಸುತ್ತ, ಅಂಗಡಿಯನ್ನು ಭಾವ ಹೇಗೆ ಕೆಡಿಸಿಟ್ಟಿದ್ದಾರೆ ಎಂಬುದನ್ನು ಒಂದೊಂದಾಗಿ ಹೇಳುತ್ತಿದ್ದಳು. ಬೈಸಿಕೊಂಡು ಭಾವನ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು.

ಆಗ ಒಬ್ಬರು ಹಿರಿಯರು ಬಂದರು. ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜೋರಾಗಿ ಮಾತಾಡುವುದನ್ನೇ ಮರೆತ ಮನುಷ್ಯ. ಕೂಲಿಯವನು ಅವರ ಹಾಸಿಗೆಯನ್ನು ಇಳಿಸಿ ಹೋದ. ಇಬ್ಬರ ಹಾಸಿಗೆ.

"ಒಂಟಿ ಮಾಡ್ಬೇಕಿತ್ತು," ಎಂದರು.

ಅಕ್ಕ ಏಳುತ್ತಾಳೆ ಎಂದು ನಾನು ಪರದೆಯ ಕಡೆ ನೋಡಿದೆ. ಅವಳು ಏಳಲಿಲ್ಲ. ಭಾವ ಹಾಸಿಗೆ ಹರವಿ, ಅಂಗೈ ಎಳೆದು, ಎರಡು ತಗ್ಗುಗಳನ್ನೂ ಗುರುತು ಮಾಡಿಕೊಂಡು, ಎಂದಿನ ತಗ್ಗಿದ ದನಿಯಲ್ಲಿ ಕೇಳಿದರು, "ಯಾವ ಅರ್ಧ ಇಟ್ಕೋತೀರಿ? ನಿಮ್ಮದಾ, ಅವರದಾ?"

"ಅವಳದು," ಎಂದರು ಆ ಹಿರಿಯರು. ಕೇಳಿದ್ದಕ್ಕಿಂತ ಹೆಚ್ಚು ಹೇಳಬಾರದೆಂದುಕೊಂಡೂ ಹೇಳಿದರು: "ತಲೆ ಕಡೆ ಅವಳ ಎಣ್ಣೆ ವಾಸನೆ ಇನ್ನೂ ಇದೆ."

ಭಾವ ಕತ್ತರಿ ಕೈಗೆತ್ತಿಕೊಂಡರು.

"ರೀ," ಎಂದಳು ಅಕ್ಕ. "ನಮ್ಮದನ್ನ ಸೀಳಿದ್ರಲ್ಲ. ನನಗೆ ಯಾವ ಅರ್ಧ ಕೊಟ್ರಿ?"

ಕತ್ತರಿ ನಿಂತಿತು. "ಯಾವುದೋ ಒಂದು."

"ಹಾಸಿಗೆ ವಿಷಯದಲ್ಲಿ ನಿಮಗೆ ಯಾವುದೋ ಒಂದು ಅನ್ನೋದು ಇಲ್ಲವೇ ಇಲ್ಲ. ಯಾವುದು?"

"ನನ್ನ ಕಡೇದು."

"ನನ್ನದು?"

ಭಾವ ಕತ್ತರಿಗೇ ಹೇಳಿದರು. "ನಾನಿಟ್ಕೊಂಡೆ."

ಅಕ್ಕ ದಾರದ ಉಂಡೆಯನ್ನು ಮಡಿಲಲ್ಲಿಟ್ಟುಕೊಂಡಳು. "ಮಲಗಿದ ಮೊದಲ ದಿನವೇ ಗೊತ್ತಾಯ್ತು. ಆ ತಗ್ಗು ನನ್ನದಲ್ಲ. ನನ್ನ ಸೊಂಟ ನಿಮ್ಮ ತೊಡೆ ಜಾಗಕ್ಕೆ ಬೀಳುತ್ತೆ. ಅವತ್ತೇ ಅಂದ್ಕೊಂಡೆ, ವೈದ್ಯರು ನನಗೆ ಹೇಳದೇ ಇರೋದನ್ನ ಇವರಿಗೆ ಹೇಳಿದಾರೆ ಅಂತ. ಹೆಂಡ್ತಿ ಸತ್ತೋರು ಬಂದು ಮಾಡಿಸ್ಕೊಳ್ಳೋದನ್ನ ನಾನು ಬದುಕಿರೋವಾಗ್ಲೇ ಮಾಡ್ಕೊಂಡುಬಿಟ್ರಲ್ರೀ!"

ಭಾವ ಕೈಯಲ್ಲಿದ್ದ ಕತ್ತರಿಯನ್ನು ನೋಡಿದರು, ನೆಲದ ಮೇಲಿದ್ದ ಹಾಸಿಗೆಯನ್ನು ನೋಡಿದರು, ಆ ಹಿರಿಯರನ್ನು ನೋಡಿದರು. ತಾವು ಮಾಡಿದ್ದೇನು ಎಂಬುದು ಅವರಿಗೆ ಆಗಲೇ ಹೊಳೆದದ್ದು. ಅಷ್ಟು ಜನರಿಗೆ ಅದನ್ನು ಮಾಡಿಕೊಟ್ಟ ಕೈ ರೂಢಿಯಲ್ಲಿ ತನಗೂ ಮಾಡಿಕೊಂಡಿತ್ತು. ಕತ್ತರಿಯನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತರು.

"ಅಲ್ಲ ಕಣೇ... ಹಾಗಲ್ಲ. ನೀನೇ ದೂರ ಇರಿ ಅಂದೆ. ವಾಸನೆಯಾದ್ರೂ ಹತ್ತಿರ ಇರಲಿ ಅಂತ..."

"ನಾನ್ಯಾವಾಗ ದೂರ ಇರಿ ಅಂದೆ?"

"ಆಸ್ಪತ್ರೇಲಿ. ಒಬ್ಬಳೇ ಹಾಯಾಗಿದೆ ಅಂದ್ಯಲ್ಲ."

"ಅಯ್ಯೋ ನನ್ನ ಕರ್ಮವೇ! ಅವತ್ತು ನಿಮ್ಮ ಮುಖ ನೋಡೋಕಾಗ್ತಿರಲಿಲ್ಲ. ನಗಿಸೋಣ ಅಂತ ಹೇಳಿದ್ದು. ಪಕ್ಕದ ಅಜ್ಜಿ ನಕ್ಕಳು, ಈ ದಡ್ಡ ನಕ್ಕ," ಎಂದು ನನ್ನ ಕಡೆ ಕೈ ತೋರಿಸಿದಳು, "ನಿಮಗೊಬ್ಬರಿಗೆ ಅರ್ಥ ಆಗಲಿಲ್ವಾ?" ಆ ಕೈ ಹಾಗೇ ಪರದೆಯ ಕಡೆ ತಿರುಗಿತು. "ನನ್ನನ್ನ ನೋಡೋಕಾಗಲ್ಲ ಅಂತ ಈಚೆ ಬಂದ್ರಿ ಅಂದ್ಕೊಂಡಿದ್ದೆ. ಪರದೆ ಹತ್ತಿರ ಬಂದು ನಿಲ್ತಿದ್ರಿ, ಒಳಗೆ ಬರ್ತಿರಲಿಲ್ಲ. ನಿಮ್ಮ ಕಾಲು ಕಾಣ್ತಿತ್ತು ನನಗೆ ಕೆಳಗಡೆಯಿಂದ. ಈಗ ಬರ್ತಾರೆ, ಈಗ ಬರ್ತಾರೆ ಅಂತ ಕಾಯೋದು. ಹೊರಟುಹೋಗೋವು ಕಾಲು."

ಭಾವ ಕೂತಲ್ಲಿಂದ ಏಳಲಿಲ್ಲ. "ಈ ಕೈಗೆ ಗೊತ್ತಾಗಲಿಲ್ಲ ಕಣೇ," ಎಂದರು. "ನಿನ್ನ ಗಂಟು. ನನಗೆ ಗೊತ್ತಾಗಬೇಕಿತ್ತು."

"ನಿಮ್ಮ ಕೈ ಹತ್ತಿ ನೋಡೋದಕ್ಕಿರೋದು. ನಾನೇನು ಹತ್ತಿನಾ? ನನ್ನದೇ ಮೈ, ನನಗೇ ಗೊತ್ತಾಗಿರಲಿಲ್ಲ ಅಷ್ಟು ದಿನ."

ಗ್ರಂಥಾಲಯದ ಹಿರಿಯರು ಕೊಡೆ ಕೈಗೆ ತೆಗೆದುಕೊಂಡರು. "ನನ್ನದೇನೂ ಅವಸರವಿಲ್ಲ," ಎಂದು ಪಿಸುಗುಟ್ಟಿದರು. "ನಿಮ್ಮದನ್ನ ಮೊದಲು ಹೊಲ್ಕೊಳ್ಳಿ." ಬಾಗಿಲ ಹತ್ತಿರ ಹೋದವರು ಒಮ್ಮೆ ತಿರುಗಿ ತಮ್ಮ ಹಾಸಿಗೆಯನ್ನು ನೋಡಿ ಇಳಿದು ಹೋದರು.

ಅಕ್ಕ ಕಣ್ಣೊರೆಸಿಕೊಂಡು ನನಗೆ ಅಪ್ಪಣೆ ಮಾಡಿದಳು. "ಲೋ, ಒಳಗಿಂದ ಅದನ್ನ ಎಳ್ಕೊಂಡು ಬಾ. ಮೂಟೆ ಹಿಂದಿಂದ ಇದನ್ನೂ."

ಎರಡು ಅರ್ಧಗಳನ್ನೂ ತಂದು ಪಕ್ಕಪಕ್ಕ ಹಾಕಿದೆ. ಭಾವ ಎದ್ದು, ಕಸುಬಿನವರ ಮುಖ ಮಾಡಿಕೊಂಡು, "ಹಾಗೇ ಹೊಲಿದ್ರೆ ನಡುವೆ ದಿಂಡು ಬರುತ್ತೆ. ಪೂರ್ತಿ ಬಿಚ್ಚಿ, ಹಿಂಜಿ, ಬಿಸಿಲಿಗೆ ಹಾಕಿ ತುಂಬಿದ್ರೆ ನಾಡಿದ್ದಕ್ಕೆ..." ಎಂದು ಶುರು ಮಾಡಿದರು.

"ಇವತ್ತು," ಎಂದಳು ಅಕ್ಕ.

"ಒತ್ತುತ್ತೆ ಕಣೇ."

"ಒತ್ತಲಿ. ಹೊಲೀರಿ."

ಹೊಲಿದರು. ದಾರ ಎರಡು ಸಲ ತುಂಡಾಯಿತು. ಹಾಗೆ ತುಂಡಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನೋಡುವುದಕ್ಕೆ ಅದು ಭಾವ ತಮ್ಮ ಜೀವಮಾನದಲ್ಲಿ ಮಾಡಿದ ಅತಿ ಕೆಟ್ಟ ಹಾಸಿಗೆ. ಹೊಲಿದು ಮುಗಿಸಿದ ಮೇಲೆ, ಮಲಗಿ ನೋಡದೆ ಯಾವ ಹಾಸಿಗೆಯನ್ನೂ ಅವರು ಗಿರಾಕಿಗೆ ಕೊಡುವುದಿಲ್ಲ; ಅದು ಅಂಗಡಿಯ ನಿಯಮ. ಅಕ್ಕ ನನ್ನ ಮುಖ ನೋಡಿದಳು.

"ನಿನಗೆ ಇವತ್ತು ಪಾಠ ಇಲ್ವಾ?"

"ಇಲ್ಲ ಅಕ್ಕ, ಇವತ್ತು..."

"ಇದೆ. ಹೋಗು."

ಅರ್ಥವಾಗಲು ನನಗೆ ಎಂದಿನಷ್ಟೇ ಹೊತ್ತು ಹಿಡಿಯಿತು. ಹೊರಗೆ ಬಂದು ರೋಲಿಂಗ್ ಬಾಗಿಲನ್ನು ಎಳೆದೆ. ಅದು ಎಂದಿನ ಹಾಗೆ ಅರ್ಧಕ್ಕೆ ಸಿಕ್ಕಿಕೊಂಡಿತು. ಬಿಟ್ಟು ಹೋಗುವ ಹಾಗಿಲ್ಲವೆಂದು ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂತೆ. ಬಿಸಿಲು ಇನ್ನೂ ಚೆನ್ನಾಗಿತ್ತು. ದಿಂಬು ಬೇಕೆಂದು ಒಬ್ಬಾಕೆ ಬಂದರು.

"ಅಂಗಡಿ ತೆಗೆದಿದ್ಯೋ, ಮುಚ್ಚಿದ್ಯೋ?"

"ಮಾಲೀಕರು ಒಂದು ಹಾಸಿಗೆ ಪರೀಕ್ಷೆ ಮಾಡ್ತಿದಾರೆ," ಎಂದೆ. "ತಡ ಆಗುತ್ತೆ. ನಾಳೆ ಬನ್ನಿ."

ಬೆನ್ನ ಹಿಂದಿನಿಂದ, ಬಾಗಿಲ ಕೆಳಗಿನಿಂದ, ಮಾತು ಕೇಳುತ್ತಿತ್ತು. ಕೇಳಿಸಿಕೊಳ್ಳಬಾರದೆಂದು ಎದುರಿನ ಕಟ್ಟಡದ ಕಿಟಕಿಗಳನ್ನು ಎಣಿಸಿದೆ. ನನ್ನ ಕಿವಿ ನನ್ನ ಮಾತು ಕೇಳಿದ್ದು ಯಾವಾಗ?

"ಹೊಲಿಗೆ ಬೆನ್ನಿಗೆ ಒತ್ತುತ್ತೆ ರೀ."

"ನಾನು ಹೇಳಲಿಲ್ವಾ? ಬಿಚ್ಚಿ ಹಿಂಜಿದ್ರೆ..."

"ಇನ್ನೊಂದು ಸಲ ಬಿಚ್ಚೋ ಮಾತಾಡಿ ನೋಡಿ. ಈ ಕಡೆ ಬನ್ನಿ."

"ಎಲ್ಲಿಗೆ?"

"ನನ್ನ ಕಡೆಗೆ. ಹೊಲಿಗೆ ದಾಟಿ."

"ಅದು ಒಬ್ಬರ ಜಾಗ. ಇಬ್ಬರಿಗೆ ಸಾಲದು."

"ನಾನೀಗ ಒಂದು ಕಡೆ ಕಮ್ಮಿಯಾಗಿದೀನಲ್ಲ," ಎಂದಳು ಅಕ್ಕ. "ಸಾಲುತ್ತೆ."

ಒಂದು ಸೈಕಲ್ ಹೋಯಿತು. ಆಮೇಲೆ ಹತ್ತಿ ಅದುಮಿಕೊಳ್ಳುವ ಸಣ್ಣ ಸದ್ದು. ಭಾರವೊಂದು ಹುಷಾರಾಗಿ, ಗೇಣು ಗೇಣಾಗಿ, ಜಾಗ ಬದಲಿಸುವ ಸದ್ದು.

"ಕೈ ಯಾಕೆ ಗಾಳೀಲಿ ಇಟ್ಕೊಂಡಿದೀರಾ?"

ಭಾವ ಏನೋ ಅಂದರು. ನನಗೆ ಕೇಳಲಿಲ್ಲ.

"ಇಲ್ಲಿಡಿ. ಅಲ್ಲಲ್ಲ, ಇಲ್ಲಿ."

ನಾನು ಎದ್ದೆ. ಈ ಬಾರಿ ನಿಜವಾಗಿಯೇ ದೂರ ಹೋಗಬೇಕೆಂದು ಮೆಟ್ಟಿಲಿಳಿದೆ. ಇಳಿಯುವಾಗ ಭಾವನ ದನಿ ಕೇಳಿತು, ಗಿರಾಕಿಗಳನ್ನು ಆ ಪ್ರಶ್ನೆ ಕೇಳುವಾಗಿನ ದನಿಗಿಂತಲೂ ತಗ್ಗಿದ ದನಿ.

"ನೋಯುತ್ತಾ?"

"ಇಲ್ಲ," ಎಂದಳು ಅಕ್ಕ. ಆಮೇಲೆ, "ಹೂಂ, ಸ್ವಲ್ಪ. ಇರಲಿ. ತೆಗೀಬೇಡಿ."